ಮದುವೆಗೆ ಬಂದ ಕೊಕ್ಕರೆ ಕಾರು

ಕುಲಶೇಖರ, ಮಂಗಳೂರು
11 ಜನವರಿ 2026, ಭಾನುವಾರ

ಪ್ರೀತಿಯ ಅಲಿಯಬ್ಬ,

ನೀನೂ ಮನೆಯವರೂ ಸುಖವಾಗಿದ್ದೀರೆಂದು ನಂಬಿದ್ದೇನೆ. ಸುಹೈಲಾಳ ಹೆರಿಗೆ ಸಸೂತ್ರವಾಗಿ ಆಯಿತು, ಹೆಣ್ಣು ಮಗು ಎಂದು ನಿನ್ನ ಕಬೀರ್ ಹೇಳಿದ. ಅಜ್ಜನಾದೆಯಲ್ಲ ಮಾರಾಯ, ಇನ್ನಾದರೂ ತಲೆಗೆ ಬಣ್ಣ ಹಚ್ಚುವುದನ್ನು ನಿಲ್ಲಿಸು. ನಮ್ಮ ವರ್ಕ್‌ಶಾಪಿನ ಪೇಂಟ್ ಬೂತಿನಲ್ಲಿ ನೀನು ಹಚ್ಚಿದ ಬಣ್ಣ ಒಂದು ಜನ್ಮಕ್ಕೆ ಸಾಕು. ಮಗುವಿಗೆ ನನ್ನದೂ ಆಗ್ನೆಸಳದೂ ಮುತ್ತು.

ಉತ್ತರಿಸಲು ತಡವಾಯಿತು, ಬೇಜಾರು ಮಾಡಬೇಡ. ಮಗಳ ಮದುವೆಯ ಮರುದಿನವೇ ನೀನು ಫೋನಿಗೆ ಕಳಿಸಿದ್ದೆ: "ಶೆರಿಲ್ ಮದುವೆ ಚೆಂದ ಆಯ್ತಾ? ಕೊಕ್ಕರೆ ಸಿಕ್ಕಿತಾ?" ನೋಡಿದೆ, ಉತ್ತರ ಬರೆಯಲು ಹೊರಟೆ, ಬಿಟ್ಟೆ. ಹೀಗೆ ಎರಡು ವಾರ ಕಳೆಯಿತು. ರಜೆಗೆ ಬಂದ ಕಬೀರ್ ಗುರುವಾರ ನಿಮ್ಮ ಶಾರ್ಜಾಕ್ಕೆ ಹಿಂದೆ ಹೋಗುತ್ತಾನಂತೆ. ಅವನ ಕೈಯಲ್ಲಿ ರೊಟ್ಟಿಯ ಕಟ್ಟು, ಆಗ್ನೆಸ್ ಹಾಕಿದ ಮಿಡಿ ಉಪ್ಪಿನಕಾಯಿ, ಮತ್ತು ಈ ಕಾಗದ ಕೊಡುತ್ತೇನೆ. ಮೂರರಲ್ಲಿ ಉಪ್ಪಿನಕಾಯಿಯೇ ಒಳ್ಳೆಯದು.

ಮೊದಲು ಕಂಪೆನಿಯ ಸುದ್ದಿ ಹೇಳಿಬಿಡುತ್ತೇನೆ. ಡಿಸೆಂಬರ್ ಕೊನೆಯ ದಿನ ನಮ್ಮ ಶೋರೂಮೂ ವರ್ಕ್‌ಶಾಪೂ ಬಾಗಿಲು ಹಾಕಿದವು. ವೆಂಟ್‌ಮೋರ್ ಎಂಬ ಹೆಸರು ಮಂಗಳೂರಿನಲ್ಲಿ ಇನ್ನಿಲ್ಲ. ಅಥವಾ ಆ ಹೆಸರು ನಮ್ಮ ಊರಿನಲ್ಲಿ ಎಂದೂ ಇರಲೇ ಇಲ್ಲವೋ ಏನೋ. ಬಾನೆಟ್ ಮೇಲೆ ಇಂಗ್ಲೆಂಡಿನವರು ಕೂರಿಸಿದ ಬೆಳ್ಳಿ ಬಣ್ಣದ ಹಕ್ಕಿಯನ್ನು ನೋಡಿ ಜನ ಅದನ್ನು ಕೊಕ್ಕರೆ ಕಾರು ಎಂದೇ ಕರೆದರು. ಕೊಳ್ಳುವ ತಾಕತ್ತಿದ್ದವರೂ ಹಾಗೆಯೇ ಕರೆದರು, ರಸ್ತೆಬದಿಯಲ್ಲಿ ನಿಂತು ನೋಡಿದವರೂ ಹಾಗೆಯೇ ಕರೆದರು.

ಇಂಗ್ಲೆಂಡಿನ ಧಣಿಗಳು ಅಕ್ಟೋಬರಿನಲ್ಲಿ ಹೇಳಿದ್ದು ಇಷ್ಟು. ಪೆಟ್ರೋಲ್ ಗಾಡಿ ಇನ್ನು ಮಾಡುವುದಿಲ್ಲ. ಎಲೆಕ್ಟ್ರಿಕ್ ಗಾಡಿ ಬರುತ್ತದೆ, ಆದರೆ ಎರಡು ವರ್ಷ ಕಳೆದು. ಅಲ್ಲಿಯವರೆಗೆ ಮಾರಲು ಏನೂ ಇಲ್ಲ. ಹೊಸ ಗಾಡಿಗೆ ಕೊಕ್ಕರೆಯೂ ಇಲ್ಲ, ಬರೀ ಸಣ್ಣ ಅಕ್ಷರದಲ್ಲಿ ಹೆಸರು. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿ ಜಾಹೀರಾತನ್ನೂ ಬಿಟ್ಟರು. ಅದರಲ್ಲಿ ಉದ್ದ ಕಾಲಿನ ಹುಡುಗಿಯರು ಗುಲಾಬಿ ಬಣ್ಣದ ಮರಳಿನಲ್ಲಿ ನಡೆಯುತ್ತಾರೆ, ಕಾರೇ ಕಾಣುವುದಿಲ್ಲ. ನಮ್ಮ ನೋಣಯ್ಯ ಕ್ಯಾಂಟೀನಿನಲ್ಲಿ ಅದನ್ನು ಮೂರು ಸಲ ನೋಡಿ, "ಇದು ಸೀರೆ ಅಂಗಡಿಯದ್ದಾ ವಿಲ್ಲಿಯಣ್ಣ?" ಎಂದು ಕೇಳಿದ. ಎಲ್ಲರೂ ನಕ್ಕೆವು. ಆ ನಗು ಮುಗಿದ ಮೇಲೆ ಯಾರೂ ಚಹಾ ಕುಡಿಯಲಿಲ್ಲ.

ಆಮೇಲೆ ಶುರುವಾಯಿತು ನೋಡು ಫೋನು. ಕೊಡಿಯಾಲ್‌ಬೈಲಿನ ವಕೀಲರು, ಬಿಜೈಯ ಡಾಕ್ಟರಮ್ಮ, ಯಾರೆಲ್ಲ ನನ್ನ ಕೈಯಿಂದ ಹೊಸ ಕಾರಿನ ಕೀ ತೆಗೆದುಕೊಂಡಿದ್ದರೋ ಅವರೆಲ್ಲ. ಎಲ್ಲರದೂ ಒಂದೇ ಪ್ರಶ್ನೆ: "ವಿಲ್ಲಿ, ನೀವೇ ಹೇಳಿ. ಇಟ್ಟುಕೊಳ್ಳುವುದಾ, ಕೊಡುವುದಾ?" ಹೀಗೆ ಕೇಳಿದರೆ ಏನು ಹೇಳಬೇಕೆಂದು ಮುಂಬಯಿ ಆಫೀಸಿನವರು ಕಲಿಸಿದ್ದರು: ಹತ್ತು ವರ್ಷ ಬಿಡಿಭಾಗ ಸಿಗುತ್ತದೆ, ಚಿಂತೆ ಬೇಡ. ಅದನ್ನೇ ಗಿಳಿಯ ಹಾಗೆ ಒಪ್ಪಿಸಿದೆ. ಒಂದು ಬ್ರೇಕ್ ಪ್ಯಾಡಿಗೆ ಆಗಲೇ ತಿಂಗಳುಗಟ್ಟಲೆ ಕಾಯುತ್ತಿದ್ದೆವು. ಸುಳ್ಳೆಂದು ಗೊತ್ತಿದ್ದವರಿಗೆ ಸುಳ್ಳು ಹೇಳಬಹುದು, ಅದರಲ್ಲಿ ತ್ರಾಸವಿಲ್ಲ. ಆದರೆ ಡಾಕ್ಟರಮ್ಮ, "ನೀವು ಹೇಳಿದ್ರಲ್ಲ, ಹಾಗಾದ್ರೆ ಇಟ್ಟುಕೊಳ್ತೇನೆ" ಎಂದು ಫೋನಿಟ್ಟಾಗ ಊಟ ಸೇರಲಿಲ್ಲ. ಆನೆ ಇದ್ದರೂ ಸಾವಿರ, ಸತ್ತರೂ ಸಾವಿರ ಎನ್ನುತ್ತಾರೆ. ಆ ಗಾದೆ ಕಟ್ಟಿದವನ ಹತ್ತಿರ ಕೊಕ್ಕರೆ ಕಾರು ಇರಲಿಲ್ಲ.

ಇದೆಲ್ಲದರ ನಡುವೆ ನನ್ನ ತಲೆಯಲ್ಲಿ ಇದ್ದದ್ದು ಒಂದೇ. ಡಿಸೆಂಬರ್ ಇಪ್ಪತ್ತೇಳಕ್ಕೆ ಶೆರಿಲ್‌ಳ ಮದುವೆ, ಅವಳು ಇಗರ್ಜಿಗೆ ಯಾವುದರಲ್ಲಿ ಹೋಗುವುದು?

ನಮ್ಮ ಶೋರೂಮಿನ ಹಳೆ ಧಣಿಗಳು ಹಾಕಿಕೊಟ್ಟ ಪದ್ಧತಿ ನಿನಗೆ ಗೊತ್ತಿದ್ದದ್ದೇ. ಕೆಲಸದವರ ಮಕ್ಕಳ ಮದುವೆಗೆ ಶೋರೂಮಿನ ಡೆಮೊ ಕಾರು, ಡ್ರೈವರ್ ನಾನು. "ನಾವು ಮಾರುವ ಗಾಡಿಯಲ್ಲಿ ನಮ್ಮವರು ಒಂದು ದಿನವಾದರೂ ಹಿಂದಿನ ಸೀಟಿನಲ್ಲಿ ಕೂತುಕೊಳ್ಳಬೇಕು" ಎನ್ನುತ್ತಿದ್ದರು. ನಿನ್ನ ಸುಹೈಲಾಳನ್ನು ತೊಕ್ಕೊಟ್ಟಿನ ಮದುವೆ ಹಾಲಿಗೆ ಕರೆದುಕೊಂಡು ಹೋದದ್ದು ನೆನಪುಂಟಾ? ಸೇತುವೆಯ ಮೇಲೆ ಜಾಮ್ ಆಗಿ, ಪಕ್ಕದ ಬಸ್ಸಿನವರೆಲ್ಲ ಕಿಟಕಿಯಿಂದ ಬಗ್ಗಿ ನೋಡಿ, ನೀನು ಮುಂದಿನ ಸೀಟಿನಲ್ಲಿ ಮಂತ್ರಿಯ ಹಾಗೆ ಕೈ ಬೀಸಿದ್ದು? ನೋಣಯ್ಯನ ದೀಕ್ಷಿತಾಳ ಮದುವೆಗೂ ನಾನೇ. ಶೆರಿಲ್ ಚಿಕ್ಕವಳಿದ್ದಾಗ ಪ್ರತಿ ಮದುವೆಯ ಮರುದಿನ ಹೂವಿನ ಎಸಳು ಹುಡುಕಲು ಆ ಕಾರಿನೊಳಗೆ ನುಗ್ಗುತ್ತಿದ್ದಳು. ಎಲ್ಲರ ಮಕ್ಕಳನ್ನೂ ಕೂರಿಸಿದ ಸೀಟಿನಲ್ಲಿ ನನ್ನ ಮಗಳು ಕೂರದೇ ಹೋದರೆ ಹೇಗೆ ಹೇಳು.

ಮುಂಬಯಿಯಿಂದ ಆರ್ಡರ್ ಬಂತು: ಡೆಮೊ ಕಾರು ಡಿಸೆಂಬರ್ ಹದಿನೈದರೊಳಗೆ ಟ್ರಕ್ ಹತ್ತಬೇಕು. ನಾನು ರೂಪೇಶ್ ಸರ್ ಹತ್ತಿರ ಹೋದೆ. ಹಳೆ ಧಣಿಗಳಾದ ಅಪ್ಪ ಹೋದ ಮೇಲೆ ಶೋರೂಮು ನಡೆಸುತ್ತಿದ್ದವನು ಅವನೇ ಅಲ್ಲವೇ. ಎರಡು ಸಲ ಬಾಗಿಲ ತನಕ ಹೋಗಿ ಹಿಂದೆ ಬಂದೆ. ಮೂರನೆಯ ಸಲ ಅವನೇ ಕರೆದ.

"ಎಂತ ವಿಲ್ಲಿಯಣ್ಣ, ಕಾರಿನ ವಿಷಯವಾ?"

"ಹೌದು ಸರ್. ಹನ್ನೆರಡು ದಿನ ತಡ ಮಾಡ್ಲಿಕ್ಕೆ ಆಗ್ತದಾ?"

ಅವನು ಮುಂಬಯಿಯ ಮೇಡಂಗೆ ಅಲ್ಲೇ ಫೋನು ಹಾಕಿದ. "ಟ್ರಕ್ ಬರ್ಲಿಕ್ಕೆ ಆಗುದಿಲ್ಲ ಮೇಡಂ, ಶಿರಾಡಿ ಘಾಟ್ ಬಂದ್ ಉಂಟು. ಹೌದು, ಗುಡ್ಡ ಕುಸಿದಿದೆ. ತಿಂಗಳ ಕೊನೆಗೆ ಸರಿ ಆಗ್ಬಹುದು." ಉಡುಪಿ, ಕಾರವಾರ ದಾಟಿ ಸಮುದ್ರ ನೋಡಿಕೊಂಡು ಮುಂಬಯಿಗೆ ಹೋಗುವ ಟ್ರಕ್ಕಿಗೆ ಬೆಂಗಳೂರು ದಾರಿಯ ಶಿರಾಡಿ ಘಾಟಿ ಏಕೆ ಎಂದು ಆ ಮೇಡಂ ಕೇಳಲಿಲ್ಲ. ಇಷ್ಟು ವರ್ಷ ನಮ್ಮನ್ನು ಆಳಿದವರಿಗೆ ನಾವು ಇರುವುದು ಎಲ್ಲಿ ಎಂದೇ ಗೊತ್ತಿಲ್ಲ ಮಾರಾಯ. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ರೂಪೇಶ್ ಮಾತ್ರ ನಗಲಿಲ್ಲ. "ನನ್ನ ಕೈಯಲ್ಲಿ ಆಗುದು ಇಷ್ಟೇ ವಿಲ್ಲಿಯಣ್ಣ. ನಿಮಗೆಲ್ಲ ಬೇರೆ ಎಂತ ಕೊಡ್ಲಿಕ್ಕೂ ಇಲ್ಲ" ಎಂದ. ಶೋರೂಮು ಉಳಿಸಿಕೊಳ್ಳಲಿಲ್ಲವೆಂದು ಅವನ ಮೇಲೆ ನನಗೆ ಇದ್ದ ಸಿಟ್ಟೆಲ್ಲ ಆಗ ಹೋಯಿತು.

ಮನೆಗೆ ಬಂದು ಹೇಳಿದರೆ ಆಗ್ನೆಸ್, "ಮದುವೆ ಯಾರಿಗೆ, ಶೆರಿಲ್‌ಗಾ ಕಾರಿಗಾ? ನಿಮ್ಮ ಕೋಟು ಹೊಲಿಸಿ ಆಗ್ಲಿಲ್ಲ, ಮೊದಲು ಅದನ್ನು ನೋಡಿ" ಎಂದಳು. ಅವಳ ಬಾಯಿ ನಿನಗೆ ಗೊತ್ತುಂಟಲ್ಲ. ಶೆರಿಲ್ ಮಾತ್ರ ನಕ್ಕು ನನ್ನ ಕುತ್ತಿಗೆಗೆ ಜೋತುಬಿದ್ದಳು. ಇಪ್ಪತ್ತೇಳು ವರ್ಷದ ನರ್ಸಮ್ಮ, ವಾರ್ಡಿನಲ್ಲಿ ಎಲ್ಲರನ್ನೂ ಗದರಿಸುವವಳು, ಸಣ್ಣ ಹುಡುಗಿಯ ಹಾಗೆ.

ಮದುವೆ ಚೆಂದವಾಗಿಯೇ ಆಯಿತು. ಹಿಂದಿನ ದಿನ ಹಾಲೆರೆಯುವ ರೋಸ್ ಶಾಸ್ತ್ರಕ್ಕೆ ವರ್ಕ್‌ಶಾಪಿನವರೆಲ್ಲ ಬಂದಿದ್ದರು. ನೋಣಯ್ಯ ಶೆರಿಲ್‌ಳ ತಲೆಗೆ ಹೊಯ್ದ ತೆಂಗಿನ ಹಾಲಿನಲ್ಲಿ ಒಂದು ಮನೆಗೆ ಸಾರು ಮಾಡಬಹುದಿತ್ತು. ಕಾರನ್ನು ಬೆಳಿಗ್ಗೆ ನಾನೇ ತೊಳೆದೆ, ಕೊಕ್ಕರೆಗೆ ಒಂದು ಮೊಳ ಮಲ್ಲಿಗೆ ಸುತ್ತಿದೆ. ಶೆರಿಲ್ ಬಿಳಿ ಗೌನಿನಲ್ಲಿ ಹಿಂದೆ ಕೂತಳು, ಪಕ್ಕದಲ್ಲಿ ಆಗ್ನೆಸ್. ಕನ್ನಡಿಯಲ್ಲಿ ಒಮ್ಮೆ ನೋಡಿದೆ, ಮತ್ತೆ ರಸ್ತೆ ನೋಡಿದೆ, ಕಣ್ಣು ಮಂಜಾಗಿ ಗಾಡಿ ಓಡಿಸುವುದು ಅಪಾಯ. ಅಳಿಯ ಡಿಯೋನ್ ಒಳ್ಳೆಯ ಹುಡುಗ, ಮಾತು ಕಡಿಮೆ, ಊಟ ಜಾಸ್ತಿ. ನೀನು ಕೇಳಿದ್ದಕ್ಕೆ ಉತ್ತರ ಇದು: ಹೌದು, ಕೊಕ್ಕರೆ ಸಿಕ್ಕಿತು. ನನ್ನ ಮಗಳು ಕೊಕ್ಕರೆ ಕಾರಿನಲ್ಲೇ ಇಗರ್ಜಿಗೆ ಹೋದಳು.

ಮೂವತ್ತಕ್ಕೆ ಟ್ರಕ್ ಬಂತು. ಕಾರು ಹತ್ತಿಸಿ ಹಗ್ಗ ಬಿಗಿದೆವು. ಮೂವತ್ತೊಂದಕ್ಕೆ ಶೋರೂಮಿನ ಗೋಡೆಯ ಮೇಲಿನ ದೊಡ್ಡ ಕೊಕ್ಕರೆಯನ್ನು ಇಳಿಸಲು ಯಾರೋ ಗುತ್ತಿಗೆಯವರು ಬಂದರು. ಬೋಲ್ಟು ತುಕ್ಕು ಹಿಡಿದು ಕೂತುಬಿಟ್ಟಿತ್ತು, ಸಮುದ್ರದ ಗಾಳಿ ಯಾರನ್ನೂ ಬಿಡುವುದಿಲ್ಲ. ಗ್ಯಾಸ್ ಕಟರ್ ತಂದು ಕೊಯ್ದರು. ನಾನು ನೋಡಲು ನಿಲ್ಲಲಿಲ್ಲ. ಆ ಕಟ್ಟಡಕ್ಕೆ ಇನ್ನು ಬೇರೊಂದು ಎಲೆಕ್ಟ್ರಿಕ್ ಕಂಪೆನಿ ಬರುತ್ತದಂತೆ. ಗಿರಾಕಿಗಳನ್ನು ಮಾತಾಡಿಸಲು ನನ್ನನ್ನು ಕರೆದಿದ್ದಾರೆ. ಹೋಗಬೇಕೋ ಬೇಡವೋ ತೀರ್ಮಾನಿಸಿಲ್ಲ. ಆ ಗಾಡಿಗಳು ಒಳ್ಳೆಯವೇ ಇರಬಹುದು, ಹಳೆಯದೆಲ್ಲ ಚಿನ್ನ ಎನ್ನುವ ಜಾತಿಯವನಲ್ಲ ನಾನು. ಆದರೆ ಇನ್ನೊಂದು ಹೆಸರನ್ನು ಮೊದಲಿನಿಂದ ನಂಬಲು ದಮ್ಮಿಲ್ಲ ಅಲಿಯಬ್ಬ. ಬೆಳಿಗ್ಗೆ ಎದ್ದು ಶೇವ್ ಮಾಡಿ, ಮತ್ತೆ ಹಾಸಿಗೆಯ ಅಂಚಿನಲ್ಲಿ ಕೂರುತ್ತೇನೆ. ವೆಂಟ್‌ಮೋರ್ ನಿಜವಾಗಿ ತಿರುಗಿ ಬರುತ್ತದೋ ಇಲ್ಲವೋ, ಇಂಗ್ಲೆಂಡಿನವರಿಗೇ ಗೊತ್ತಿಲ್ಲ ಎಂದು ರೂಪೇಶ್ ಹೇಳುತ್ತಾನೆ. ಬೇರೆ ಯಾರಿಗೋ ಮಾರುತ್ತಾರೆ ಎಂದೂ ಸುದ್ದಿ ಉಂಟು. ಬಂದರೆ ಬರಲಿ, ನನ್ನ ಕಾಲ ಆಯಿತು.

ಮೊಮ್ಮಗಳನ್ನು ಎತ್ತಿಕೊಂಡು ಆಡಿಸು, ಕೆಲಸ ಎಂದು ಓಡಬೇಡ. ಸುಹೈಲಾಳಿಗೆ ನನ್ನ ಆಶೀರ್ವಾದ ಹೇಳು. ದೇವರು ಆ ಮಗುವಿಗೆ ದೀರ್ಘಾಯುಸ್ಸನ್ನೂ ನಿನ್ನ ಮೊಣಕಾಲಿಗೆ ಸ್ವಲ್ಪ ಬಲವನ್ನೂ ಕೊಡಲಿ. ಊರಿಗೆ ಬಂದಾಗ ನೇರ ನಮ್ಮಲ್ಲಿಗೇ ಬಾ, ಮೀನು ಆಗ್ನೆಸ್ ಮಾಡುತ್ತಾಳೆ, ಹರಟೆ ನಾನು ಹೊಡೆಯುತ್ತೇನೆ.

ನಿನ್ನ
ವಿಲ್ಲಿ

ತಾ. ಕ.: ಕಾಗದವನ್ನು ಆಗ್ನೆಸ್ ಓದಿದಳು. "ಮುಖ್ಯದ್ದು ಬರೆಯಲೇ ಇಲ್ಲವಲ್ಲ, ಅಲಿಯಬ್ಬನಿಗೂ ಹೇಳದಿದ್ರೆ ಮತ್ತೆ ಯಾರಿಗೆ ಹೇಳ್ತೀರಿ?" ಎಂದಳು. ಆದ್ದರಿಂದ ಬರೆಯುತ್ತೇನೆ.

ಇಗರ್ಜಿಯ ಮೆಟ್ಟಿಲ ಹತ್ತಿರ ಅವರಿಬ್ಬರನ್ನು ಇಳಿಸಿದೆ. ಮಗ ಶೆರ್ವಿನ್ ಬಂದು, "ಕೀ ಕೊಡಿ ಡ್ಯಾಡಿ, ನಾನು ಪಾರ್ಕ್ ಮಾಡ್ತೇನೆ, ನೀವು ಇಲ್ಲೇ ನಿಲ್ಲಿ" ಎಂದ. ಕೊಡಲಿಲ್ಲ. ಹಿಂದಿನ ಮೈದಾನದಲ್ಲಿ ನೆರಳು ನೋಡಿ ನಿಲ್ಲಿಸಿ ಇಳಿದರೆ ಎದುರಿಗೆ ಜಾರ್ಜ್ ಸರ್, ನಮ್ಮ ಹಳೆಯ ಗಿರಾಕಿ, ಡಿಯೋನ್ ಕಡೆಯ ನೆಂಟರು. ಅವರದೂ ಕೊಕ್ಕರೆಯೇ. "ಒಂದೇ ನಿಮಿಷ ವಿಲ್ಲಿ. ಬುಧವಾರ ನೀವು ಬಾಗಿಲು ಹಾಕ್ತೀರಿ, ಮತ್ತೆ ನಿಮ್ಮನ್ನು ಎಲ್ಲಿ ಹುಡುಕುದು? ಈ ಶಬ್ದ ಎಂತದ್ದು ಅಂತ ಸ್ವಲ್ಪ ಕೇಳಿ" ಎಂದು ಎಂಜಿನ್ ಚಾಲೂ ಮಾಡಿದರು. ಆಮೇಲೆ ನೋಡುತ್ತೇನೆ ಸರ್ ಎಂದರೆ ಮುಗಿಯುತ್ತಿತ್ತು. ಬಾಯಿಗೆ ಆ ಮಾತು ಬರಲೇ ಇಲ್ಲ. ಕೋಟು ಬಿಚ್ಚಿ ಬಾಗಿಲಿಗೆ ನೇತುಹಾಕಿ, ಬಾನೆಟ್ ಎತ್ತಿ ಬಗ್ಗಿದೆ. ಇನ್ನು ಇಂಥ ಗಾಡಿಗೆ ಕಿವಿ ಕೊಡುವುದು ಎಲ್ಲಿ ಎಂದು ಮನಸ್ಸಿನಲ್ಲಿ ಬಂತು ನೋಡು, ಅಷ್ಟೇ, ಗಂಟೆ ಹೊಡೆದದ್ದು ನನಗೆ ಕೇಳಲಿಲ್ಲ. ಕೇಳಿದ್ದು ಒಳಗೆ ಹಾಡು ಶುರುವಾದಾಗ.

ನಮ್ಮದರ ಹಿಂದೆಯೇ ಇನ್ನೊಂದು ಮದುವೆ ಇತ್ತು, ಫಾದರ್ ಆದಷ್ಟು ಕಾದರಂತೆ. ಯಾರೋ ನನ್ನನ್ನು ಹುಡುಕಿಕೊಂಡು ಮುಂದಿನ ಗೇಟಿಗೆ ಹೋದರಂತೆ. ನಾನು ಓಡಿ ಬಾಗಿಲು ತಲುಪಿದಾಗ ಶೆರಿಲ್ ಮುಂದೆ ಆಲ್ತಾರಿನ ಪೀಠದ ಹತ್ತಿರ ಇದ್ದಳು, ಶೆರ್ವಿನ್‌ನ ತೋಳು ಹಿಡಿದುಕೊಂಡು. ಕೊನೆಯ ಬೆಂಚಿನ ಹಿಂದೆ ನಿಂತೆ. ಕೈಯಲ್ಲಿ ಗ್ರೀಸ್ ಇತ್ತು, ಶಿಲುಬೆಯ ಗುರುತು ಹಾಕಲೂ ಆಗಲಿಲ್ಲ. ಮಗಳನ್ನು ಕೈ ಹಿಡಿದು ಕರೆದುಕೊಂಡು ಹೋಗಿ ಒಪ್ಪಿಸುವುದು ಅಪ್ಪನ ಕೆಲಸ. ಊರಿನ ಅಷ್ಟೂ ಹೆಣ್ಣುಮಕ್ಕಳನ್ನು ಬಾಗಿಲ ತನಕ ತಲುಪಿಸಿದವನು ನನ್ನವಳನ್ನೂ ಬಾಗಿಲ ತನಕವೇ ತಲುಪಿಸಿದೆ.

ಸಂಜೆ ಮದುವೆ ಹಾಲಿನಿಂದ ಶೆರಿಲ್ ಹೊರಡುವಾಗ ನನಗೆ ಮುಖ ಎತ್ತಲಾಗಲಿಲ್ಲ. ಅವಳೇ ಬಂದು ತಬ್ಬಿಕೊಂಡಳು. "ಪರವಾಗಿಲ್ಲ ಡ್ಯಾಡಿ. ಜಾರ್ಜ್ ಅಂಕಲ್‌ನ ಕಾರು ಸರಿ ಆಯ್ತಾ?" ಎಂದಳು. ಚುಚ್ಚಿ ಕೇಳಿದ್ದಲ್ಲ ಮಾರಾಯ, ನಿಜವಾಗಿಯೇ ಕೇಳಿದಳು. ನಾನು ತಡವಾಗಿ ಮನೆಗೆ ಬಂದಾಗಲೆಲ್ಲ ಅವಳು ಬಾಗಿಲಲ್ಲಿ ಕೇಳುತ್ತಿದ್ದದ್ದು ಅದನ್ನೇ, ಬೇರೆ ಏನನ್ನೂ ಕೇಳಲು ನಾನು ಅವಳಿಗೆ ಕಲಿಸಿರಲಿಲ್ಲ.

"ಆಯ್ತು ಮಗಳೇ" ಎಂದೆ. ಆಗಿರಲಿಲ್ಲ. ಆ ಶಬ್ದ ಎಲ್ಲಿಂದ ಬರುತ್ತದೆಂದು ನನಗೆ ಗೊತ್ತೇ ಆಗಲಿಲ್ಲ.