ಕೆಂಪಿಯ ಕೆಮ್ಮು

ನಂದಿದುರ್ಗ ಲೈನ್, ಕೆ.ಜಿ.ಎಫ್.
7 ಡಿಸೆಂಬರ್ 2025

ಪ್ರೀತಿಯ ಮಗಳು ಶಶಿರೇಖಳಿಗೆ,

ನಿನ್ನ ಅಮ್ಮನ ಆಶೀರ್ವಾದಗಳು. ಚಂದನಾಳ ಶೀತ ವಾಸಿಯಾಯಿತೆ? ಆ ನಾಯಿ ಇರುವ ತನಕ ಮಗುವನ್ನು ಇಲ್ಲಿಗೆ ಕರೆತರುವುದಿಲ್ಲ ಎಂದು ನೀನು ಹೇಳಿ ಐದು ವಾರವಾಯಿತು. ಉತ್ತರ ಕೊಡಲು ತಡಮಾಡಿದೆ, ಬೇಸರ ಮಾಡಿಕೊಳ್ಳಬೇಡ. ಗಟ್ಟಿಯಾದ ಉತ್ತರ ನನ್ನ ಹತ್ತಿರ ಇರಲಿಲ್ಲ, ಈಗ ಇದೆ. ಫೋನಿನಲ್ಲಿ ಕೆಂಪಿಯ ಹೆಸರೆತ್ತಿದರೆ ಇಟ್ಟುಬಿಡುತ್ತೀಯ. ಕಾಗದವನ್ನಾದರೂ ಕೊನೆಯವರೆಗೆ ಓದು.

ಕೆಂಪಿಗೆ ಕೆಮ್ಮು ಶುರುವಾದದ್ದು ದಸರಾ ಕಳೆದ ಮೇಲೆ. ಗಂಟಲಲ್ಲಿ ಮೂಳೆ ಸಿಕ್ಕಿಕೊಂಡಿದೆ ಎಂದುಕೊಂಡೆ. ಆಮೇಲೆ ನಲ್ಲಿಯ ತನಕ ನಡೆಯುವಷ್ಟರಲ್ಲೇ ಏದುಸಿರು ಬಿಡುತ್ತಾ ಕೂತುಬಿಡುತ್ತಿತ್ತು. ಒಂದು ಬೆಳಗ್ಗೆ ಮೂಗಿನಿಂದ ರಕ್ತ ಬಂತು. ನನ್ನ ಅಂಗನವಾಡಿ ಮನೆಗೆ ಅಂಟಿಕೊಂಡೇ ಇದೆಯಲ್ಲ, ಮಕ್ಕಳನ್ನು ಬಿಡಲು ಬಂದ ತಾಯಂದಿರು ನೋಡಿದರು. ಸಂಜೆಯೊಳಗೆ ಟೀಚರಮ್ಮನ ನಾಯಿಗೆ ಟಿ.ಬಿ. ಎಂದು ಲೈನಿನ ಅಷ್ಟೂ ಮನೆಗಳಿಗೆ ಸುದ್ದಿ. ನನಗೂ ಭಯವಿತ್ತು, ಸುಳ್ಳೇಕೆ ಹೇಳಲಿ. ಕೆಂಪಿಯನ್ನು ಹಿತ್ತಲಲ್ಲಿ ಕಟ್ಟಿದೆ. ಆದರೂ ಹದಿನೆಂಟು ಮಕ್ಕಳಲ್ಲಿ ಮರುದಿನ ಬಂದದ್ದು ನಾಲ್ಕೇ.

ಲೈನಿನ ಹಿರಿಯ ಮುನಿಶಾಮಪ್ಪನವರ ಮಾತಿಗೆ ಇಲ್ಲಿ ಯಾರೂ ಎದುರಾಡುವುದಿಲ್ಲ, ನಿನಗೆ ಗೊತ್ತು. ಅವರು ಇಬ್ಬರು ಗಂಡಸರ ಜೊತೆ ಬಂದರು. ಒಬ್ಬನ ಕೈಯಲ್ಲಿ ಗೋಣಿಚೀಲವಿತ್ತು. ಗಣಿಯ ಸೈನೈಡ್ ಮಣ್ಣಿನ ದಿಬ್ಬದ ಆಚೆ ಬಿಟ್ಟುಬರುತ್ತೇವೆ, ನೀವು ಒಳಗೆ ಹೋಗಿ ಎಂದರು. ಆ ಸ್ಥಿತಿಯಲ್ಲಿ ಅದು ಅಲ್ಲಿ ಎರಡು ದಿನವೂ ಬದುಕುವುದಿಲ್ಲ ಎಂದು ಅವರಿಗೂ ಗೊತ್ತಿತ್ತು. ನಾನು ಹಿತ್ತಲಿಗೆ ಹೋಗಿ ಕೆಂಪಿಯ ಪಕ್ಕ ನೆಲದ ಮೇಲೆ ಕೂತೆ.

"ಮಕ್ಳಿಗೆ ಅಂಟ್ಕೊಂಡ್ರೆ ಯಾರಮ್ಮ ಜವಾಬ್ದಾರಿ?" ಎಂದು ಮುನಿಶಾಮಪ್ಪ ಕೇಳಿದರು.

"ಟಿ.ಬಿ. ಅಂತ ಯಾವ ಡಾಕ್ಟ್ರು ಏಳಿದ್ರಣ್ಣ? ಬರ್ಸ್ಕೊಂಡ್ ಬನ್ನಿ. ಅಲ್ಲಿಗಂಟ ಇದು ಇಲ್ಲೇ ಇರ್ತದೆ."

ಚೀಲ ಹಿಡಿದವನು ಮುಖ ತಿರುಗಿಸಿಕೊಂಡ. ನಿಮ್ಮ ಕೆಲಸ ಹೇಗೆ ಉಳಿಯುತ್ತದೋ ನೋಡುತ್ತೇನೆ ಎಂದು ಹೇಳಿ ಮುನಿಶಾಮಪ್ಪ ಹೊರಟರು. ಸುಮ್ಮನಿರಲಿಲ್ಲ, ದೂರನ್ನೂ ಕೊಟ್ಟರು. ಮೇಲ್ವಿಚಾರಕಿ ಬಂದು, ತಿಂಗಳೊಳಗೆ ಮಕ್ಕಳು ವಾಪಸಾಗದಿದ್ದರೆ ಮೇಲಿನವರಿಗೆ ಬರೆಯಬೇಕಾಗುತ್ತದೆ ಎಂದರು. ಧಾರಾಳವಾಗಿ ಬರೆಯಿರಿ ಎಂದೆ.

ಮರುದಿನವೇ ರಜೆ ಹಾಕಿ, ಕೆಂಪಿಯನ್ನು ಹಳೇ ಸೀರೆಯಲ್ಲಿ ಸುತ್ತಿಕೊಂಡು ಆಟೋದಲ್ಲಿ ಬಂಗಾರಪೇಟೆಯ ಪಶು ಆಸ್ಪತ್ರೆಗೆ ಬಂದೆ. ನಿನ್ನ ಮನೆಯಿಂದ ಎರಡೇ ಬೀದಿ. ಒಳಗೆ ಬರಲಿಲ್ಲ. ಬೇಡ ಎಂದ ಮನೆಯ ಬಾಗಿಲು ತಟ್ಟುವ ಅಭ್ಯಾಸ ನನಗಿಲ್ಲ.

ಶ್ಯಾಮಲ ಎಂಬ ಡಾಕ್ಟರು ಎದೆಯನ್ನು ಬಹಳ ಹೊತ್ತು ಕೇಳಿ, ಮೂರು ದಿನದ ಮಲ ತನ್ನಿ ಎಂದರು. ಡಬ್ಬಿಯಲ್ಲಿ ತುಂಬಿ ಒಯ್ದೆ. ಬಸ್ಸಿನಲ್ಲಿ ಪಕ್ಕದವಳು ಏನಮ್ಮ ತಿಂಡಿಯಾ ಎಂದಳು, ಹೌದು ಎಂದೆ. ಡಾಕ್ಟರು ನನ್ನನ್ನೂ ಕರೆದು ಸೂಕ್ಷ್ಮದರ್ಶಕದಲ್ಲಿ ತೋರಿಸಿದರು. ದಾರದ ಎಳೆಯಂಥದ್ದೊಂದು ಸುರುಳಿ ಸುತ್ತುತ್ತಾ ಒದ್ದಾಡುತ್ತಿತ್ತು.

"ಇದು ಟಿ.ಬಿ. ಅಲ್ಲಮ್ಮ, ಶ್ವಾಸಕೋಶದ ಹುಳುವಿನ ಮರಿ," ಎಂದರು. "ಬಸವನಹುಳು ತಿಂದ ನಾಯಿಗೆ ಬರುತ್ತೆ. ಅದು ಕೆಮ್ಮಿದರೆ ಮಕ್ಕಳಿಗೆ ಅಂಟಲ್ಲ."

ಹಿತ್ತಲಿನ ಸೊಪ್ಪಿನ ಮಡಿಯಲ್ಲಿ ಈ ಮಳೆಗಾಲ ಬಸವನಹುಳು ಮುತ್ತಿದ್ದವು. ಕೆಂಪಿ ಅವನ್ನು ಕಡಿಯುವುದನ್ನು ನೋಡಿ ನಾನು ನಕ್ಕಿದ್ದೆ ಕೂಡ. ಡಾಕ್ಟರು ಹೇಳಿದ್ದನ್ನೆಲ್ಲ ಕನ್ನಡದಲ್ಲಿ ಬರೆಸಿಕೊಂಡು, ಸೀಲು ಹಾಕಿಸಿಕೊಂಡೆ.

ಸಂಜೆ ನೀರು ಬಿಡುವ ಹೊತ್ತಿಗೆ ನಲ್ಲಿಯ ಹತ್ತಿರ ನಿಂತು ಅದನ್ನು ಗಟ್ಟಿಯಾಗಿ ಓದಿದೆ. ಕೊಡ ಹಿಡಿದವರೆಲ್ಲ ಕೇಳಿಸಿಕೊಂಡು, ನೀರು ತುಂಬಿಸಿ ಹೊರಟರು. ಮರುದಿನವೂ ಓದಿದೆ. ಮೂರನೆಯ ದಿನ ಕಾಗದವನ್ನು ಅಂಗನವಾಡಿಯ ಬಾಗಿಲಿಗೆ ಅಂಟಿಸಿದೆ.

ಔಷಧಿ ಶುರುಮಾಡಿದ ಮೇಲೆ ಮೊದಲು ಕೆಮ್ಮು ಹೆಚ್ಚಾಯಿತು. ಹುಳು ಸಾಯುವಾಗ ಹಾಗಾಗಬಹುದು ಎಂದು ಡಾಕ್ಟರು ಮೊದಲೇ ಹೇಳಿದ್ದರು. ಒಂದು ದಿನವಂತೂ ಅದು ಗಂಜಿಯನ್ನೂ ಮೂಸಲಿಲ್ಲ. ನಾನು ಬೆರಳಿನಿಂದ ನೆಕ್ಕಿಸಿದೆ, ಬೈದೆ, ಮತ್ತೆ ನೆಕ್ಕಿಸಿದೆ. ಬೆಳಗಾದರೆ ಬಸವನಹುಳು ಆರಿಸಿ ಉಪ್ಪುನೀರಿನ ಬಕೆಟ್ಟಿಗೆ ಹಾಕುವುದೇ ಕೆಲಸ. ಮೂರನೆಯ ವಾರ ಕೆಂಪಿ ಹಾಲಿನವನ ಸೈಕಲ್ಲನ್ನು ಬೊಗಳುತ್ತಾ ಅಟ್ಟಿಸಿಕೊಂಡು ಹೋಯಿತು. ಅವನು ಬೈದ, ನಾನು ಕಿವಿತುಂಬಾ ಕೇಳಿಸಿಕೊಂಡೆ. ಮೊನ್ನೆ ಮತ್ತೆ ಪರೀಕ್ಷೆ ಮಾಡಿಸಿದೆ, ಹುಳುವಿಲ್ಲ.

ಹದಿನೆಂಟರಲ್ಲಿ ಈಗ ಹದಿಮೂರು ಮಕ್ಕಳು ಬರುತ್ತಿದ್ದಾರೆ. ಮೊದಲು ಮರಳಿ ಬಂದವಳು ಮುನಿಶಾಮಪ್ಪನವರ ಮೊಮ್ಮಗಳೇ. ಅವರ ಹೆಂಡತಿ ಸೊಣ್ಣಮ್ಮ ಮಗುವಿನ ಕೈ ಹಿಡಿದು ತಂದು ಬಿಟ್ಟುಹೋದರು. ಮುನಿಶಾಮಪ್ಪ ಈಗಲೂ ನನ್ನೊಂದಿಗೆ ಮಾತಾಡುವುದಿಲ್ಲ. ಬೇಕಾಗಿಯೂ ಇಲ್ಲ.

ಬರುವ ಭಾನುವಾರ ಚಂದನಾಳನ್ನು ಕರೆದುಕೊಂಡು ಬಾ. ಕೆಂಪಿ ಮನೆಯಲ್ಲೇ ಇರುತ್ತದೆ, ನಿಮಗಾಗಿ ಕಟ್ಟಿಹಾಕುವುದಿಲ್ಲ. ಡಾಕ್ಟರ ಕಾಗದದ ನಕಲು ಇದರೊಳಗಿದೆ, ನಿನ್ನ ಅತ್ತೆಗೂ ಓದಿ ಹೇಳು. ನಿನ್ನ ಮನೆ ಸುಖವಾಗಿರಲಿ, ಮಗು ಗಟ್ಟಿಮುಟ್ಟಾಗಿ ಬೆಳೆಯಲಿ.

ಇಂತಿ ನಿನ್ನ ಅಮ್ಮ,
ಇಂದ್ರಾಣಿ

ತಾ.ಕ.: ಒಂದು ನಾಯಿಗೋಸ್ಕರ ಊರನ್ನೇ ಎದುರು ಹಾಕಿಕೊಂಡೆಯಲ್ಲ ಎಂದು ನೀನು ಕೇಳಿದ್ದೆ. ನಿನ್ನ ಅಪ್ಪ ಕೆಮ್ಮಿ ಕೆಮ್ಮಿ ಹೋದದ್ದು ಗಣಿ ಮುಚ್ಚಿದ ಮರುವರ್ಷ. ಲೈನಿನವರು ಟಿ.ಬಿ. ಅಂದರು. ನಾನು ಯಾವ ಡಾಕ್ಟರನ್ನೂ ಕೇಳದೆ ಅಪ್ಪನ ಚಾಪೆ, ತಟ್ಟೆ ಎಲ್ಲ ಬೇರೆ ಮಾಡಿದೆ. ಕೊನೆಗೆ ಮಾಡಿಸಿದ ಪರೀಕ್ಷೆಯ ಕಾಗದ ಕೈಗೆ ಬಂದಾಗ ಅವರು ಹೋಗಿ ಹನ್ನೊಂದು ದಿನ. ಟಿ.ಬಿ. ಇಲ್ಲ, ಗಣಿಯ ದೂಳು, ಯಾರಿಗೂ ಅಂಟುವುದಿಲ್ಲ ಎಂದಿತ್ತು. ಇಷ್ಟು ವರ್ಷ ನಿನಗೆ ಹೇಳಲಿಲ್ಲ. ಅಪ್ಪ ಒಂದು ದಿನವೂ ನನ್ನನ್ನು ಎತ್ತಿಕೊಂಡ ನೆನಪಿಲ್ಲ ಎಂದು ನೀನು ಅನ್ನುವಾಗಲೆಲ್ಲ ಸುಮ್ಮನಿದ್ದೆ. ಅವರು ದಿನಾ ಕೈ ಚಾಚುತ್ತಿದ್ದರು, ಶಶಿ. ನಿನ್ನನ್ನು ಈಚೆಗೆ ಎಳೆದುಕೊಳ್ಳುತ್ತಿದ್ದವಳು ನಾನು.