ಪೂರ್ವ ದಿಕ್ಕಿನ ಸಾಕ್ಷಿ

ಗದಗ ಹೊರವಲಯ
30ನೇ ಫೆಬ್ರವರಿ 2171

ನೂರೈವತ್ತು ವರ್ಷಗಳ ಹಿಂದೆ ಆಸ್ತಿ ದಾವೆ ನಡೆಸುತ್ತಿರುವ ವಕೀಲ ಬಂಧುಗಳೇ,

ಮೇಲಿನ ತಾರೀಖು ಕೈತಪ್ಪಿ ಬರೆದದ್ದಲ್ಲ. ಕಾಲಮಿತಿಯ ಎಣಿಕೆಯಲ್ಲಿ ತಕರಾರು ಬೇಡವೆಂದು ನಮ್ಮ ನ್ಯಾಯಾಲಯ ಪ್ರತಿ ತಿಂಗಳಿಗೂ ಮೂವತ್ತೇ ದಿನ ಕೊಟ್ಟಿದೆ. ಮಿಕ್ಕ ಐದು ದಿನಗಳಿಗೆ ಹೆಸರಿಲ್ಲ. ಆ ದಿನಗಳಲ್ಲಿ ಯಾವ ಹಕ್ಕೂ ಹುಟ್ಟುವುದಿಲ್ಲ, ಅಳಿಯುವುದೂ ಇಲ್ಲ. ನನ್ನ ಕೆಲವು ಪದಗಳು ನಿಮ್ಮ ಕಿವಿಗೆ ವಿಚಿತ್ರವಾಗಿ ಕೇಳಿಸಬಹುದು. ಕ್ಷಮಿಸಿ. ಅವುಗಳಲ್ಲಿ ಒಂದನ್ನು ಚಾಲ್ತಿಗೆ ತಂದವನು ನಾನೇ.

ನೋಂದಣಿಯಾದ ಮಾತ್ರಕ್ಕೆ ಒಡೆತನ ಸಾಬೀತಾಗದು ಎಂದು ನಿಮ್ಮ ಕಾಲದ ತೀರ್ಪುಗಳು ಆಗಲೇ ಹೇಳುತ್ತಿದ್ದವು. ಸರಿಯಾದ ಮಾತದು. ಆದರೆ ನಿಮ್ಮ ನಂತರದವರು ಅದೇ ದಾರಿಯಲ್ಲಿ ಮುಂದೆ ಮುಂದೆ ನಡೆದು ಕೊನೆಗೆ ಕಾಗದವನ್ನೇ ಕೈಬಿಟ್ಟರು. ಈಗ ನಮ್ಮಲ್ಲಿ ಕ್ರಯಪತ್ರವಿಲ್ಲ, ಪಹಣಿಯಿಲ್ಲ. ಉಳಿದಿರುವುದು ಚಕ್ಕುಬಂದಿ, ಅಂದರೆ ನಾಲ್ಕು ಗಡಿಗಳ ಗುರುತು ಮಾತ್ರ. ನಾಲ್ಕು ದಿಕ್ಕಿನ ನೆರೆಯವರನ್ನು ನಾವು ‘ದಿಕ್ಕುಸಾಕ್ಷಿ’ಗಳೆನ್ನುತ್ತೇವೆ. ಯಾರೇ ನೆಲ ಬಿಟ್ಟುಕೊಡಬೇಕಾದರೂ ಆ ನಾಲ್ವರು ಗಡಿಯ ಮೂಲೆಯಲ್ಲಿರುವ ‘ಕೇಳುಗಲ್ಲಿ’ನ ಮುಂದೆ ನಿಂತು ಬಾಯಾರೆ ಒಪ್ಪಿಗೆ ಹೇಳಬೇಕು, ಕಲ್ಲು ದನಿಯನ್ನು ಗುರುತಿಸಿ ದಾಖಲಿಸಿಕೊಳ್ಳುತ್ತದೆ. ಒಬ್ಬರಿಗೆ ಒಂದೇ ನೆಲೆ. ಇರುವ ನೆಲೆಯಿಂದ ಬಿಡುಗಡೆ ಪಡೆಯದೆ ಬೇರೆ ಊರಿನಲ್ಲಿ ಮೂರು ದಿನಕ್ಕಿಂತ ಹೆಚ್ಚು ತಂಗುವಂತಿಲ್ಲ.

ಇದರಿಂದ ನಮ್ಮ ವೃತ್ತಿಯ ಚಹರೆಯೇ ಬದಲಾಯಿತು. ನಾವು ಕಡತ ಓದುವುದಿಲ್ಲ. ಮುನಿಸಿಕೊಂಡ ನೆರೆಯವರ ಮನೆಗಳಿಗೆ ಮಿರ್ಚಿ, ಮಂಡಕ್ಕಿ ಕಟ್ಟಿಸಿಕೊಂಡು ಹೋಗಿ ಕೂರುತ್ತೇವೆ. ಉತ್ತರ ದಿಕ್ಕಿನವನ ಕೆಮ್ಮು ವಾರ ದಾಟಿದರೆ ದಕ್ಷಿಣದವನು ವೈದ್ಯರನ್ನು ಕರೆತರುತ್ತಾನೆ. ಪಕ್ಕದವರ ಮಗುವಿನ ಅಳು ಯಾರ ನಿದ್ದೆಯನ್ನೂ ಕೆಡಿಸುವುದಿಲ್ಲ, ಕೆಡಿಸಿದೆಯೆಂದು ಹೇಳುವ ಧೈರ್ಯ ಯಾರಿಗೂ ಇಲ್ಲ. ಇಂಥ ಸೌಜನ್ಯದಲ್ಲಿ ಉಸಿರು ಕಟ್ಟುತ್ತದೆ ಎಂಬುದನ್ನು ನಾನು ತಡವಾಗಿ ಅರಿತೆ.

ಕಾಲೇಜಿನ ಮೂರೂ ವರ್ಷ ಚರ್ಚಾಸ್ಪರ್ಧೆಯ ಪಾರಿತೋಷಕ ನನ್ನದಾಗಿತ್ತು. ಆ ಚಟದಿಂದಲೇ ವಕೀಲನಾದೆ. ತೀರಿಕೊಂಡ ನೆರೆಯವರ ಹೆಸರಿನಲ್ಲಿ ಬಾಡಿಗೆಯ ಜನ ಸಾಕ್ಷಿ ಹೇಳುತ್ತಿದ್ದ ಮೋಸವನ್ನು ತಡೆಯಲು ನಾನೊಂದು ದಾವೆ ಹೂಡಿದೆ. ದಿಕ್ಕುಸಾಕ್ಷಿ ಸತ್ತರೆ, ಅವರ ಅತಿ ಹತ್ತಿರದ ರಕ್ತಸಂಬಂಧಿಯೇ ಕೇಳುಗಲ್ಲಿನ ಮುಂದೆ ನಿಂತು ಅವರ ಹೆಸರು ಹೇಳಿ, ‘ಇನ್ನಿಲ್ಲ’ ಎನ್ನಬೇಕು; ಬೇರಾರೂ ಹೇಳಕೂಡದು ಎಂದು ವಾದಿಸಿದೆ. ಇದನ್ನೇ ಈಗ ‘ಇಲ್ಲನುಡಿ’ ಎನ್ನುತ್ತಾರೆ. ಆ ಸಂಬಂಧಿ ಹೇಳದೆ ಹೋದರೆ ಏನು ಗತಿ ಎಂದು ನ್ಯಾಯಮೂರ್ತಿಗಳು ಕೇಳಿದರು. ಎರಡು ಮಾತು ಆಡಲಾರದಷ್ಟು ದುರ್ಬಲ ನಾಲಿಗೆ ಯಾರಿಗಿದೆ ಎಂದು ನಾನು ಮರುಪ್ರಶ್ನೆ ಹಾಕಿದೆ. ಸಭಾಂಗಣ ನಕ್ಕಿತು. ತೀರ್ಪು ನನ್ನ ಕಡೆಗಾಯಿತು.

ನನ್ನ ಮಗಳು ಮಂದಾಕಿನಿ ಗಾಳಿಕಂಬಗಳ ಇಂಜಿನಿಯರ್ ಆಗಿದ್ದಳು. ಅವಳಿಗೆ ಕೆಲಸ ಸಿಕ್ಕ ವರ್ಷ ನನ್ನ ನೆಲದ ಪೂರ್ವದ ಅರ್ಧವನ್ನು ಅವಳ ಹೆಸರಿಗೆ ಮಾಡಿಸಿದೆ. ಅಲ್ಲಿಂದ ನನಗೆ ಪೂರ್ವದ ಸಾಕ್ಷಿ ಅವಳು. ಅವಳಾಚೆಯ ನೀಲವ್ವನವರಿಗೆ ಪಶ್ಚಿಮದ ಸಾಕ್ಷಿಯೂ ಅವಳೇ. ಎರಡು ವರ್ಷಗಳ ಹಿಂದೆ ಮಂದಾಕಿನಿ ಕಂಬದಿಂದ ಬಿದ್ದು ಇಪ್ಪತ್ತಾರನೆಯ ವಯಸ್ಸಿನಲ್ಲಿ ತೀರಿಕೊಂಡಳು. ತಾಯಿ ಮೊದಲೇ ಹೋಗಿದ್ದಳು. ಹೇಳಬೇಕಾದವನು ನಾನೊಬ್ಬನೇ. ನಾನು ಹೇಳಲಿಲ್ಲ. ಅವಧಿಯನ್ನು ಕಾನೂನು ಗೊತ್ತುಪಡಿಸಿರಲಿಲ್ಲ. ಆ ಲೋಪವನ್ನು ನನಗಿಂತ ಚೆನ್ನಾಗಿ ಬಲ್ಲವರಿಲ್ಲ. ದಾಖಲೆಯಲ್ಲಿ ಅವಳು ಪೂರ್ವಕ್ಕೆ ಬದುಕಿದ್ದಳು, ಒಪ್ಪಿಗೆ ಹೇಳಲು ಮಾತ್ರ ಇರಲಿಲ್ಲ. ನಾನು ಕಟ್ಟುಬಿದ್ದೆ. ನನ್ನೊಂದಿಗೆ ನೀಲವ್ವನವರೂ ಕಟ್ಟುಬಿದ್ದರು.

ಅವರ ಮಗಳು ಕಾರವಾರದಲ್ಲಿದ್ದಾಳೆ. ಕಳೆದ ಶ್ರಾವಣದಲ್ಲಿ ಆಕೆಯ ಎರಡೂ ಕಣ್ಣು ಹೋದವು. ಮಡಿಲಲ್ಲಿ ಎಂಟು ತಿಂಗಳ ಕೂಸಿದೆ, ಜೊತೆಗೆ ಯಾರೂ ಇಲ್ಲ. ನೀಲವ್ವನವರು ಮೂರು ದಿನ ಹೋಗಿ ಮರಳುತ್ತಿದ್ದರು. ಮರಳಿದಾಗಲೆಲ್ಲ ಬೇಲಿಯ ಬಳಿ ನಿಲ್ಲುತ್ತಿದ್ದರು.

“ಏನ್ರೀ ವಕೀಲ್ರ, ಕೋರ್ಟಿನ್ಯಾಗ ತಾಸುಗಟ್ಟಲೆ ಮಾತಾಡ್ತಿದ್ರಂತ. ಎರಡ ಮಾತಿಗೆ ಎರಡ ವರ್ಷ ಬೇಕೇನ್ರಿ?”

ನಾನು ಕಲಮುಗಳನ್ನು ಉಲ್ಲೇಖಿಸಿ ಉತ್ತರಿಸುತ್ತಿದ್ದೆ. ನಿನ್ನೆ ಅವರು ವ್ಯಂಗ್ಯವಾಡಲಿಲ್ಲ.

“ನಿಮ್ಮ ಮಗಳು ಹೋದ್ಲು. ನನ್ನ ಮಗಳು ಇನ್ನೂ ಅದಾಳ್ರೀ. ಆಕೀ ಕಡೆ ನನ್ನ ಬಿಡ್ರಿ.”

ಸಂಜೆಯೇ ನಮ್ಮಿಬ್ಬರ ಉಳಿದ ದಿಕ್ಕುಗಳವರ ಮನೆಗಳಿಗೆ ಹೋಗಿ, ಬೆಳಗ್ಗೆ ಗಡಿಗೆ ಬರಲು ಹೇಳಿದೆ.

ಇಂದು ಮುಂಜಾನೆ ಕೇಳುಗಲ್ಲಿನ ಮುಂದೆ ನಿಂತೆ. ಉಳಿದ ದಿಕ್ಕುಗಳವರೂ ಬಂದಿದ್ದರು. ಹೆಸರು ಹೇಳಿದೆ. ಮತ್ತೆ ಅದೇ ಹೆಸರನ್ನೇ ಹೇಳಿದೆ. ಕಲ್ಲು ಕಾಯುತ್ತಿತ್ತು. ನೀಲವ್ವನವರು ಬೇಲಿ ದಾಟಿ ಬಂದು ನನ್ನ ಎದುರಿಗೆ ನಿಂತರು.

“ಕಲ್ಲಿಗೆ ಹೇಳಬ್ಯಾಡ್ರಿ. ನನಗ ಹೇಳ್ರಿ.”

ಅವರಿಗೆ ಹೇಳಿದೆ. ಕಲ್ಲು ಕೇಳಿಸಿಕೊಂಡಿತು. ಮಗಳ ನೆಲ ನನ್ನ ನೆಲದಲ್ಲಿ ಸೇರಿತು. ನೀಲವ್ವನವರ ಬಿಡುಗಡೆಗೆ ನಾನೇ ಪಶ್ಚಿಮದ ಸಾಕ್ಷಿಯಾಗಿ ಒಪ್ಪಿಗೆ ಕೊಟ್ಟೆ, ಅವರ ಉಳಿದ ಮೂವರೂ ಕೊಟ್ಟರು. ನಾನು ಕೇಳದಿದ್ದರೂ ಅವರು ನನ್ನ ಪೂರ್ವದ ಸಾಕ್ಷಿಯಾಗಿ ನನ್ನ ಬಿಡುಗಡೆಗೆ ಒಪ್ಪಿಗೆ ನುಡಿದರು, ನನ್ನ ಉಳಿದ ದಿಕ್ಕಿನವರೂ ನುಡಿದರು. ಗಂಟು ಎತ್ತಿಕೊಂಡು ಹೊರಟವರು ಕ್ಷಣ ತಡೆದರು.

“ಬರ್ತೀನಿ ಅನ್ನಂಗಿಲ್ರೀ ಯಪ್ಪಾ, ತಿರುಗಿ ಇಲ್ಲಿ ನೆಲಸಾಕ ನಿಮ್ಮ ಕಾನೂನು ಬಿಡೂದಿಲ್ಲ.”

ಹನ್ನೊಂದು ಗಂಟೆಯ ಬಂಡಿಗೆ ಅವರು ಕಾರವಾರಕ್ಕೆ ಹೋದರು.

ನನ್ನ ಕೋರಿಕೆ ಇಷ್ಟೇ. ಮೋಸವನ್ನು ತಡೆಯುವ ಆತುರದಲ್ಲಿ ನೀವು ವಾದಗಳನ್ನು ಬಿಗಿಯಾಗಿ ಕಟ್ಟುತ್ತೀರಿ, ಕಟ್ಟಿ. ಆದರೆ ಆ ಬಿಗಿಯೊಳಗೆ ಸಿಕ್ಕಿಕೊಳ್ಳುವವನು ಮೋಸಗಾರನಲ್ಲದೆಯೂ ಇರಬಹುದು. ಅವನ ಬದಲಿಗೆ ಆ ಮಾತನ್ನು ಹೊರಗಿನವರೊಬ್ಬರು ಹೇಳಲು ಅವಕಾಶವಿರುವ ಒಂದು ಸಾಲನ್ನು ನಿಮ್ಮ ಅರ್ಜಿಗಳಲ್ಲಿ ಬೇಡಿ, ತೀರ್ಪುಗಳಲ್ಲಿ ಬರೆಸಿ. ನಾನು ಬೇಡಲಿಲ್ಲ. ಅದನ್ನು ಬೇಡಿದ ಎದುರು ಪಕ್ಷದ ವಕೀಲನನ್ನೂ ಅಂದು ನ್ಯಾಯಾಲಯದಲ್ಲಿ ಗೇಲಿ ಮಾಡಿದೆ.

ಎಲ್ಲರೂ ಹೋದ ಮೇಲೆ ಕೇಳುಗಲ್ಲು ನಿಯಮದಂತೆ ನನ್ನನ್ನು ಪ್ರಶ್ನಿಸಿತು: ಈ ನೆಲೆಯಿಂದ ನಿಮಗೆ ಬಿಡುಗಡೆಯಾಗಿದೆ, ಹೊಸ ನೆಲೆ ಯಾವುದು? ಈ ಆಯ್ಕೆ ಜೀವಮಾನದಲ್ಲಿ ಒಮ್ಮೆ ಮಾತ್ರ, ಮತ್ತೆ ಬದಲಿಸುವಂತಿಲ್ಲ.

ನಾನು ಇದೇ ನೆಲದ ಗುರುತನ್ನು ಹೇಳಿದೆ.

ನಿಮ್ಮ ವೃತ್ತಿಬಾಂಧವ,
ಗುರುಶಾಂತಪ್ಪ ಮುಳಗುಂದ