ಏಳನೇ ತಾರೀಖಿನ ಲಕೋಟೆ

ಫೆಬ್ರವರಿ 6, ಗುರುವಾರ. ಬೆಳಿಗ್ಗೆ 5.50

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿನ ಗಣ್ಯರೇ, ವೇದಿಕೆಯ ಕೆಳಗಿನ ನಗಣ್ಯರೇ, ಹಾಗೂ ಕೊನೆಯ ಬೆಂಚಿನಲ್ಲಿ ಈಗಾಗಲೇ ತೂಕಡಿಸುತ್ತಿರುವ ಭಕ್ತಾದಿಗಳೇ,

ಈ ಪುಸ್ತಕವನ್ನು ಯಾರೂ ಓದುವುದಿಲ್ಲ. ಆದ್ದರಿಂದ ತಮಗೆಲ್ಲರಿಗೂ ಹಾರ್ದಿಕ ಸ್ವಾಗತ.

ತಾಲೀಮು ಇದು. ಹದಿನಾರಕ್ಕೆ ಚರ್ಚಿನಲ್ಲಿ ಸಾಕ್ಷಿ, ಅಂದರೆ ಸ್ವಂತ ಅನುಭವದ ಮಾತು, ಹೇಳಬೇಕಂತೆ. ವಿಷಯ — ದಿನನಿತ್ಯದ ಬದುಕಿನಲ್ಲಿ ವಿಧೇಯತೆ. ನಿಮ್ಮನ್ನು ಬಿಟ್ಟರೆ ಇನ್ಯಾರು ಜಯರಾಜಣ್ಣ ಎಂದರು ಅಯ್ಯನವರು, ಫೋನಿನಲ್ಲಿ. ಅಯ್ಯನವರು ಎಂದರೆ ನಮ್ಮ ಪಾಸ್ಟರ್. ವಾಸ ಸಾಗರ. ಭಾನುವಾರ ಬೆಳಿಗ್ಗೆ ಅಲ್ಲಿ ಆರಾಧನೆ ಮುಗಿಸಿ, ಊಟ ಮಾಡಿ, ಮಧ್ಯಾಹ್ನ ಮೂರಕ್ಕೆ ಹೊಸನಗರಕ್ಕೆ ಬರುತ್ತಾರೆ. ಇಲ್ಲಿ ನಾವು ಹನ್ನೊಂದು ಮನೆ. ನಾನು ಸೆಕ್ರೆಟರಿ. ಬೇರೆ ಯಾರೂ ಒಪ್ಪದ ಕಾರಣ ಹನ್ನೆರಡು ವರ್ಷದಿಂದ ನಾನೇ.

ಸಾಕ್ಷಿಗೆ ನಾನೇ ಯಾಕೆ? ತಮ್ಮ ತೀರಿಕೊಂಡು ಆರು ವರ್ಷ. ಅವನ ಹೆಂಡತಿ ಪ್ರತಿಮಾಳನ್ನು ಮನೆಮಗಳ ಹಾಗೆ ಇಟ್ಟುಕೊಂಡಿದ್ದೇನೆ. ಮದುವೆಯಾಗದೆ ತಾಯಿಯ ಸೇವೆ ಮಾಡುತ್ತಿದ್ದೇನೆ. ಇದು ಸಭೆಯವರ, ಅಂದರೆ ಆ ಹನ್ನೊಂದು ಮನೆಯವರ, ಅಭಿಪ್ರಾಯ. ಅಲ್ಲಗಳೆದಿಲ್ಲ. ತಲೆ ತಗ್ಗಿಸಿ ಕೇಳಿಸಿಕೊಂಡಿದ್ದೇನೆ, ಅದು ಇನ್ನೂ ಚೆನ್ನಾಗಿ ಕಾಣುತ್ತದೆ.

ಪ್ರತಿಮಾ ಕಾಫಿ ತಂದಿಟ್ಟಳು. ಅಮ್ಮನಿಗೆ ಇನ್ಸುಲಿನ್ ಹಾಕಿದಳು. ಬೆಳಿಗ್ಗೆ ಒಂದು, ಸಂಜೆ ಒಂದು. ಮೂರು ವರ್ಷದಿಂದ ಅವಳದೇ ಕೆಲಸ. ನನಗೆ ಸೂಜಿ ಕಂಡರೆ ಕೈ ನಡುಗುತ್ತದೆ. ಹೀಗಾಗಿ ಮೂರು ವರ್ಷದಲ್ಲಿ ಅವಳು ಒಂದು ರಾತ್ರಿಯೂ ಬೇರೆ ಊರಿನಲ್ಲಿ ತಂಗಿಲ್ಲ.

ಮೊದಲ ಬಸ್ಸಿನ ಹೊತ್ತು. ಹೊರಟೆ.

ಫೆಬ್ರವರಿ 7, ಶುಕ್ರವಾರ. ಸಂಜೆ

ನನ್ನ ಉದ್ಯೋಗ ಖಾಸಗಿ ಬಸ್ಸುಗಳ ಟೈಮ್ ಕೀಪರ್. ಕನ್ನಡ ಬಿ.ಎ., ಸೆಕೆಂಡ್ ಕ್ಲಾಸ್. ಕೈಯಲ್ಲಿ ಒಂದು ಮೈಕು, ಬಾಯಲ್ಲಿ ಒಂದು ಸೀಟಿ. ಇಂದಿನ ಕೃತಿ:

ತೀರ್ಥಹಳ್ಳಿ, ತೀರ್ಥಹಳ್ಳಿ —
ಬಾಗಿಲಲ್ಲಿ ನಿಲ್ಲಬೇಡಿ, ಒಬ್ಬರನ್ನೊಬ್ಬರು ಒಳಗೆ ತಳ್ಳಿ.

ತಳ್ಳಿದರು. ಬಸ್ಸು ಸರಿಯಾದ ನಿಮಿಷಕ್ಕೆ ಹೊರಟಿತು. ನನ್ನ ಸ್ಟ್ಯಾಂಡಿನಲ್ಲಿ ಯಾವುದೂ ತಡವಾಗುವುದಿಲ್ಲ.

ಮಧ್ಯಾಹ್ನ ಅದೇ ಬಸ್ಸು ವಾಪಸು ಬಂದಾಗ ಕಂಡಕ್ಟರ್ ಶಿವು ಒಂದು ಲಕೋಟೆ ಕೊಟ್ಟ. ತೀರ್ಥಹಳ್ಳಿ ಚರ್ಚಿನವರು ಬಸ್ಸಿಗೆ ಕೊಟ್ಟು ಕಳಿಸಿದ್ದು. ಸಹಿ, ಸೀಲು ಎಲ್ಲ ಇದೆ. ನಮ್ಮ ಸಭೆಯ ಸುಕುಮಾರ ಅವರಿಗೂ ನಿಮ್ಮ ಸಭೆಯ ಪ್ರತಿಮಾ ಅವರಿಗೂ ಮಾರ್ಚ್ 3, ಸೋಮವಾರ ಮದುವೆ ನಿಶ್ಚಯವಾಗಿದೆ, ನಿಮ್ಮಲ್ಲೂ ಪ್ರಕಟಿಸುವುದು.

ಸುಕುಮಾರ ಡ್ರಾಯಿಂಗ್ ಮೇಷ್ಟ್ರು. ಹೆಂಡತಿ ತೀರಿಹೋಗಿ ನಾಲ್ಕು ವರ್ಷ, ಮಕ್ಕಳಿಲ್ಲ. ಸಂಬಂಧ ತಂದವರು ಅಯ್ಯನವರೇ. ಜನವರಿಯಲ್ಲಿ ಮನೆಗೆ ಬಂದು ನಮ್ಮ ಬಾವಿಕಟ್ಟೆಯ ಚಿತ್ರ ಬರೆದುಕೊಂಡು ಹೋದರು. ಪ್ರತಿಮಾ ಅದನ್ನು ಹೊಲಿಗೆ ಮೆಷೀನಿನ ಮೇಲೆ ಅಂಟಿಸಿದ್ದಾಳೆ. ನಾನು ಏನಂದೆ? ದೇವರ ಚಿತ್ತ ಅಂದೆ. ಹನ್ನೊಂದು ಮನೆಯೂ ಮೆಚ್ಚಿತು.

ನಿಯಮ ಹೀಗೆ: ಮದುವೆಗೆ ಮುಂಚೆ ಎರಡೂ ಕಡೆಯ ಚರ್ಚಿನಲ್ಲಿ ಸಾಲಾಗಿ ಮೂರು ಭಾನುವಾರ ಪ್ರಕಟಣೆ ಓದಬೇಕು. ಯಾರಿಗಾದರೂ ಆಕ್ಷೇಪಣೆ ಇದ್ದರೆ ಹೇಳಬೇಕು. ಓದುವವನು ಸೆಕ್ರೆಟರಿ. ಮಾರ್ಚ್ ಐದಕ್ಕೆ ಬೂದಿ ಬುಧವಾರ, ಲೆಂಟ್ ಉಪವಾಸಕಾಲ ಶುರು. ಆಮೇಲೆ ಈಸ್ಟರ್ ಮುಗಿಯುವ ತನಕ ಮದುವೆ ಇಲ್ಲ.

ನಮ್ಮ ಕೈಯಲ್ಲಿ ನಾಲ್ಕು ಭಾನುವಾರ ಇವೆ. ಬೇಕಾಗಿದ್ದು ಮೂರು. ಅವಸರವಿಲ್ಲ.

ಕಾಗದ ಬಂತು ಕವರಿನಲ್ಲಿ,
ಕೂತುಕೊಂಡಿತು ಕೀರ್ತನೆ ಪುಸ್ತಕದಲ್ಲಿ.

ಫೆಬ್ರವರಿ 8, ಶನಿವಾರ

ಕಾಗದ ಬಂತಾ ಭಾವ ಎಂದು ಪ್ರತಿಮಾ ಕೇಳಿದಳು. ದೋಸೆ ತಿನ್ನುತ್ತಿದ್ದೆ. ಬಾಯಲ್ಲಿ ದೋಸೆ ಇದ್ದರೆ ತಲೆ ಅಲ್ಲಾಡಿಸಿದರೆ ಸಾಕು. ಅಡ್ಡಡ್ಡ ಅಲ್ಲಾಡಿಸಿದೆ.

ಅಮ್ಮ ಹಾಸಿಗೆಯಿಂದ ಹೇಳಿದರು: “ನೀನೊಂದು ಸೂಜಿ ಕಲ್ತ್ಕೊಂಬಿಡು ಮಗಾ. ಅವ್ಳು ಹೋದ್‌ಮೇಲೆ ಬೇಕಲ್ಲ.”

ನನಗಾಗದು, ಕೈ ನಡುಗುತ್ತದೆ ಎಂದೆ. ಅಮ್ಮ ಸ್ವಲ್ಪ ಹೊತ್ತು ನನ್ನ ಮುಖ ನೋಡಿದರು. “ಹೌದಾ,” ಎಂದರು.

ಫೆಬ್ರವರಿ 9, ಭಾನುವಾರ

ಓದಲಿಲ್ಲ. ಇನ್ನೂ ಮೂರು ಇವೆ.

ಫೆಬ್ರವರಿ 12, ಬುಧವಾರ

ಸುಕುಮಾರ ಮೇಷ್ಟ್ರು ಫೋನ್ ಮಾಡಿದ್ದರಂತೆ. ಅಲ್ಲಿಯ ಚರ್ಚಿನವರು ಕಾಗದವನ್ನು ಏಳನೇ ತಾರೀಖೇ ಬಸ್ಸಿಗೆ ಕೊಟ್ಟಿದ್ದಾರಂತೆ. ಪ್ರತಿಮಾ ಹೇಳಿದಳು. ಬಸ್ಸಿನಲ್ಲಿ ಸಾಮಾನು ಆಚೀಚೆ ಆಗುವುದುಂಟು, ನೋಡೋಣ ಎಂದೆ. ಅಯ್ಯನವರಿಗೆ ತಿಳಿಸಿದೆ. ಕಾಗದ ಇಲ್ಲದೆ ಪ್ರಕಟಣೆ ಇಲ್ಲ, ಇನ್ನೊಂದು ತರಿಸಿ ಎಂದರು. ಆದರೆ ಸಹಿ ಹಾಕಬೇಕಾದ ತೀರ್ಥಹಳ್ಳಿಯ ಪಾಸ್ಟರ್ ಯಾವುದೋ ತರಬೇತಿಗೆ ಹೋಗಿದ್ದಾರೆ. ಬರುವುದು ಹತ್ತೊಂಬತ್ತಕ್ಕೆ.

ಹತ್ತೊಂಬತ್ತಕ್ಕೆ ಬಂದು ಸಹಿ ಹಾಕಿದರೆ ಇಪ್ಪತ್ತಮೂರಕ್ಕೆ ಮೊದಲನೆಯದು, ಮಾರ್ಚ್ ಎರಡಕ್ಕೆ ಎರಡನೆಯದು, ಒಂಬತ್ತಕ್ಕೆ ಮೂರನೆಯದು. ಒಂಬತ್ತು ಲೆಂಟಿನೊಳಗೆ. ಟೈಮಿಂಗ್ ಹಾಕುವುದೇ ನನ್ನ ಕೆಲಸ. ಬೇಗ ಲೆಕ್ಕ ಸಿಕ್ಕಿತು.

ಕೀರ್ತನೆ ಪುಸ್ತಕ ಕಪಾಟಿನ ಮೇಲಿದೆ. ಇಂದು ಕೈ ಹೋಗಲಿಲ್ಲ.

ಫೆಬ್ರವರಿ 16, ಭಾನುವಾರ. ಸಂಜೆ 6

ಸಾಕ್ಷಿ ಹೇಳಿದೆ. ಹನ್ನೆರಡು ನಿಮಿಷ. ವಿಧೇಯತೆ ಎಂದರೆ ದೊಡ್ಡ ತ್ಯಾಗವಲ್ಲ, ಹೇಳಿದ್ದನ್ನು ಹೇಳಿದ ಹೊತ್ತಿಗೆ ಮಾಡುವುದು, ಬಸ್ಸಿನ ಹಾಗೆ ಎಂದೆ. ನಕ್ಕರು. ಡ್ರೈವರಿಗೆ ಬೇಕೆನಿಸಿದಾಗ ಹೊರಡುವುದು ಬಸ್ಸಲ್ಲ, ಜೀಪು ಎಂದೆ. ಇನ್ನೂ ನಕ್ಕರು. ಪ್ರತಿಮಾಳೂ ನಕ್ಕಳು. ಕೈಯಲ್ಲಿ ಹಿಡಿದಿದ್ದ ಕೀರ್ತನೆ ಪುಸ್ತಕದೊಳಗೆ ಲಕೋಟೆಯ ಒಂದು ಮೂಲೆ ಹೆಬ್ಬೆರಳಿಗೆ ತಾಗುತ್ತಿತ್ತು.

ಅಯ್ಯನವರು ಕೈ ಕುಲುಕಿದರು. ಒಬ್ಬರು ರೆಕಾರ್ಡ್ ಮಾಡಿ ಗ್ರೂಪಿಗೆ ಹಾಕಿದ್ದಾರೆ. ಕೇಳಿದೆ. ಧ್ವನಿ ಸ್ಪಷ್ಟವಾಗಿದೆ.

ಪ್ರಾಸ ಹೊಳೆಯಲಿಲ್ಲ.

ಫೆಬ್ರವರಿ 21, ಶುಕ್ರವಾರ

ಎರಡನೇ ಕಾಗದ ಬಂತು. ಮತ್ತೆ ಶಿವು ಕೈಯಲ್ಲೇ. ಈ ಸಲ ಪ್ರತಿಮಾ ಸ್ಟ್ಯಾಂಡಿಗೇ ಬಂದು ಕಾದು ನಿಂತು ತೆಗೆದುಕೊಂಡಳು. ಬೈಯಲಿಲ್ಲ. ಮೊದಲಿನದು ಏನಾಯಿತು ಶಿವಣ್ಣ ಎಂದು ಮಾತ್ರ ಕೇಳಿದಳು. ನಾನು ಎರಡು ಮಾರು ದೂರದಲ್ಲಿ, ಮೈಕು ಹಿಡಿದುಕೊಂಡು.

ಶಿವು ನನ್ನ ಕಡೆ ಒಮ್ಮೆ ನೋಡಿದ. ಎಲ್ಲೋ ಬಿದ್ದುಹೋಗಿರಬೇಕು ಅಕ್ಕ, ತಪ್ಪಾಯಿತು ಎಂದ.

ಅವಳು ಹೋದ ಮೇಲೆ ಟೀ ಅಂಗಡಿಯ ಹಿಂದೆ ಕರೆದು, ಯಾಕೆ ಹಾಗೆ ಹೇಳಿದೆ ಎಂದೆ.

“ಕವರ್ ನಿಮ್ ಕೈಗೇ ಕೊಟ್ಟಿದ್ದು ನಂಗೆ ನೆನಪಿಲ್ವಾ ಅಣ್ಣ? ಮರ್ತಿರ್ತೀರಿ. ನಂದು ದಿನಾ ಒಂದಲ್ಲ ಒಂದ್ ತಪ್ಪು ಇದ್ದೇ ಇರತ್ತೆ, ಇನ್ನೊಂದ್ ಸೇರಿದ್ರೆ ಯಾರಿಗ್ ಗೊತ್ತಾಗತ್ತೆ? ನಿಮ್ದು ಹಂಗಲ್ಲ. ಹತ್ತು ವರ್ಷಕ್ಕೆ ಇದೊಂದೇ ನಾನ್ ನೋಡಿದ್ದು.”

ಟೀ ಕುಡಿಸಲು ಹೋದೆ. ಬೇಡ, ಗ್ಯಾಸ್ಟ್ರಿಕ್ ಎಂದ.

ಶಿವು ವರ್ಷಕ್ಕೊಮ್ಮೆ ಕ್ರಿಸ್‌ಮಸ್ ಕೇಕಿಗೆ ಮಾತ್ರ ನಮ್ಮ ಚರ್ಚಿನ ಕಾಂಪೌಂಡಿಗೆ ಬರುವವನು. ಸಾಕ್ಷಿ ಕೇಳಿಲ್ಲ.

ಫೆಬ್ರವರಿ 22, ಶನಿವಾರ

ಸುಕುಮಾರ ಮೇಷ್ಟ್ರ ಅಕ್ಕ, ಮೊದಲ ಹೆಜ್ಜೆಗೇ ಹೀಗಾದರೆ ಶಕುನ ಸರಿಯಿಲ್ಲ ಎಂದರಂತೆ. ನಮ್ಮಲ್ಲಿ ಶಕುನ ಇಲ್ಲ. ಆದರೂ ಎಂದರಂತೆ. ಈಸ್ಟರ್ ಆಗಲಿ, ಆಮೇಲೆ ನೋಡೋಣ ಎಂದೂ ಎಂದರಂತೆ. ಈ ‘ನೋಡೋಣ’ ನನಗೆ ಗೊತ್ತು. ಸೀಟಿಲ್ಲದ ಬಸ್ಸಿಗೆ ಕಾಯುವವರಿಗೆ ನಾನು ಹೇಳುವುದೂ ಅದನ್ನೇ.

ಪ್ರತಿಮಾ ಇದನ್ನೆಲ್ಲ ಅಕ್ಕಿ ಆರಿಸುತ್ತ ಹೇಳಿದಳು. ಅಳಲಿಲ್ಲ. ಆರಿಸಿದ ಅಕ್ಕಿಯನ್ನೇ ಮತ್ತೆ ಮೊರಕ್ಕೆ ಸುರಿದುಕೊಂಡು ಎರಡನೇ ಸಲ ಆರಿಸಿದಳು.

ಅಯ್ಯನವರಿಗೆ ಫೋನ್ ಮಾಡಿದೆ. ದಾರಿ ಏನಾದರೂ ಇದೆಯೇ ಎಂದು ಸುಮ್ಮನೆ ಕೇಳಿದೆ. ಇಲ್ಲ ಎನ್ನುತ್ತಾರೆ ಎಂದುಕೊಂಡಿದ್ದೆ. ಒಂದಿದೆಯಂತೆ. ತಡವಾದದ್ದು ಸಭೆಯ ಕಡೆಯ ತಪ್ಪಿನಿಂದಾದರೆ ಎರಡು ಪ್ರಕಟಣೆ ಸಾಕು. ಆದರೆ ತಪ್ಪು ಯಾರದೆಂದು ಸಭೆಯ ಮುಂದೆ ಹೇಳಿ, ಪುಸ್ತಕದಲ್ಲಿ ಬರೆಯಬೇಕು. “ಇಲ್ಲಿ ತಪ್ಪು ಬಸ್ಸಿಂದಲ್ವಾ, ಅದಕ್ಕೆ ಅನ್ವಯಿಸಲ್ಲ ಜಯರಾಜಣ್ಣ.”

ಹೌದು ಅಯ್ಯನವರೇ ಎಂದೆ.

ಫೆಬ್ರವರಿ 23, ಭಾನುವಾರ. ಸಂಜೆ 5.30

ಪ್ರಕಟಣೆ ಓದಲು ಎದ್ದೆ. ಓದುವ ಮೊದಲು ಹೇಳಿದೆ. ಕಾಗದ ಏಳನೇ ತಾರೀಖೇ ನನ್ನ ಕೈ ಸೇರಿತ್ತು. ಕೀರ್ತನೆ ಪುಸ್ತಕದಲ್ಲಿಟ್ಟು ಮರೆತೆ. ಶಿವು ಎಂಬ ಕಂಡಕ್ಟರನದು ಏನೂ ತಪ್ಪಿಲ್ಲ. ಕ್ಷಮಿಸಬೇಕು.

ಕ್ಷಮಿಸಿದರು. ಅಷ್ಟೇ ಅಲ್ಲ, ಮೆಚ್ಚಿದರು. ಸಣ್ಣದೊಂದು ಮರೆವಿಗೂ ಎದ್ದು ನಿಂತು ತಪ್ಪೊಪ್ಪಿಕೊಳ್ಳುವವರು ಈ ಕಾಲದಲ್ಲಿ ಎಲ್ಲಿದ್ದಾರೆ ಎಂದು ಒಬ್ಬ ಹಿರಿಯರು ಕಣ್ಣೊರೆಸಿಕೊಂಡರು. ಅಯ್ಯನವರು ರಿಜಿಸ್ಟರಿನಲ್ಲಿ ‘ಸೆಕ್ರೆಟರಿಯ ಮರೆವಿನಿಂದ’ ಎಂದು ಬರೆದು, ಎರಡು ಸಾಕು ಎಂದರು. ಮದುವೆ ಮೂರನೇ ತಾರೀಖಿಗೇ. ತಪ್ಪು ಮಾಡಿದ್ದಕ್ಕಿಂತ ಒಪ್ಪಿದ್ದರಲ್ಲಿ ಲಾಭ ಜಾಸ್ತಿ ಆಯಿತು.

ಮನೆಗೆ ಪ್ರತಿಮಾಳ ಜೊತೆ ನಡೆದು ಬಂದೆ. ಗೇಟು ತೆಗೆಯುತ್ತ ಹೇಳಿದಳು:

“ಬಸ್ಸು ಒಂದ್ ನಿಮಿಷ ಲೇಟಾಗಿ ಹೊರಟ್ರೆ ನಿಮಗೆ ಊಟ ಸೇರಲ್ಲ ಭಾವ. ನೀವು ಮರ್ತ್ರಾ?”

ಒಳಗೆ ಬಂದು ಗೇಟಿನ ಚಿಲಕ ಹಾಕಿದೆ.

“ಹೋಗ್ಲಿ, ಆಯ್ತು. ನಾಳೆಯಿಂದ ಸೂಜಿ ಕಲೀರಿ. ನೀವು ಕಲಿಯೋ ತನಕ ಅತ್ತೇನ ಬಿಟ್ಟು ನಾನು ಹೋಗಲ್ಲ. ಮದುವೆ ನಿಂತ್ರೂ ಸರಿ.”

ಫೆಬ್ರವರಿ 25, ಮಂಗಳವಾರ

ನಿನ್ನೆಯಿಂದ ಪಾಠ ಶುರು. ಕಿತ್ತಳೆ ಹಣ್ಣಿಗೆ ನೀರು ಚುಚ್ಚುವುದು. ಮೂರು ವರ್ಷದ ಹಿಂದೆ ತಾಲ್ಲೂಕು ಆಸ್ಪತ್ರೆಯ ವಾಗ್ದೇವಿ ಸಿಸ್ಟರ್ ಅವಳಿಗೆ ಕಲಿಸಿದ್ದೂ ಹೀಗೇ ಅಂತೆ. ಸಿಸ್ಟರಿಗೆ ದಿನಕ್ಕೆರಡು ಸಲ ಮನೆಗೆ ಬರಲಾಗದು, ಕೇಳಿದ್ದಾಳೆ.

ಸಿರಿಂಜನ್ನು ಬೀಡಿ ಹಿಡಿದ ಹಾಗೆ ಹಿಡಿದೆ. ನಕ್ಕಳು. ಬೆರಳು ಹಿಡಿದು ತಿದ್ದಿದಳು. ನಡುಗಿತು. ಸೂಜಿ ಬಾಗಿತು.

ಫೆಬ್ರವರಿ 27, ಗುರುವಾರ

ನಾಲ್ಕು ಕಿತ್ತಳೆ ಹಾಳು. ಮದುವೆ ಸೀರೆಗೆ ಫಾಲ್ಸ್ ಹಚ್ಚುವುದು ಬಾಕಿ ಇದೆ, ಪ್ರತಿಮಾ ಹಚ್ಚುತ್ತಿಲ್ಲ.

ನಡುಗುವ ಕೈಗೆ ಮದ್ದಿಲ್ಲ,
ನಾನೇನೂ ಮಾಡುವಂತಿಲ್ಲ.

ಪ್ರಾಸ ಸರಿಯಿದೆ.

ಮಾರ್ಚ್ 1, ಶನಿವಾರ

ಇವತ್ತೂ ಕೈ ಹತೋಟಿಗೆ ಬರಲಿಲ್ಲ. ಕಿತ್ತಳೆಯೂ ಮುಗಿಯಿತು. ಪ್ರತಿಮಾ ಸಿರಿಂಜು ಎತ್ತಿಟ್ಟು, ನಾಳೆ ಚರ್ಚು ಮುಗಿದ ಮೇಲೆ ಅವರಿಗೆ ಫೋನ್ ಮಾಡಿ ಆಗುವುದಿಲ್ಲ ಎಂದು ಹೇಳುತ್ತೇನೆ ಎಂದಳು. ಧ್ವನಿ ಏರಲಿಲ್ಲ, ಇಳಿಯಲಿಲ್ಲ. ಮೆಷೀನಿನ ಮೇಲಿನ ಬಾವಿಕಟ್ಟೆಯ ಚಿತ್ರವನ್ನು ಬಿಡಿಸಿ ತೆಗೆದಳು. ಹರಿಯಬಾರದೆಂದು ಅಂಟಿನ ಮೇಲೆ ಒದ್ದೆ ಬಟ್ಟೆ ಒತ್ತಿ, ಮೂಲೆ ಮೂಲೆಯಾಗಿ, ತುಂಬ ನಿಧಾನ.

ಅಮ್ಮ ಗೋಡೆ ಕಡೆ ತಿರುಗಿ ಮಲಗಿದ್ದರು. ನಿದ್ದೆ ಬಂದಿರಲಿಲ್ಲ. ನನಗೆ ಗೊತ್ತಾಗುತ್ತದೆ.

ಮಾರ್ಚ್ 2, ಭಾನುವಾರ. ಬೆಳಿಗ್ಗೆ 7.05

ಆರೂವರೆಗೆ ಪ್ರತಿಮಾ ಅಮ್ಮನ ಪಕ್ಕ ಕೂತು ಇನ್ಸುಲಿನ್ ಬಾಟಲಿಯನ್ನು ಅಂಗೈಗಳ ನಡುವೆ ಉಜ್ಜುತ್ತಿದ್ದಳು. ನಾನು ಕೈ ಚಾಚಿದೆ. ಕೊಟ್ಟಳು, ನಂಬಿಕೆಯಿಲ್ಲದೆ. ಬಾಟಲಿ ತಲೆಕೆಳಗೆ ಮಾಡಿ ಸಿರಿಂಜಿಗೆ ಎಳೆದೆ. ಗುಳ್ಳೆ ಬಂತು, ಬೆರಳಿನಿಂದ ತಟ್ಟಿ ತೆಗೆದೆ. ಅಮ್ಮನ ಹೊಟ್ಟೆಯ ಮೇಲೆ ನಿನ್ನೆಯ ಜಾಗ ಬಿಟ್ಟು ಎರಡು ಬೆರಳು ಆಚೆ ಚರ್ಮ ಹಿಡಿದು ಚುಚ್ಚಿದೆ. ಹತ್ತು ಎಣಿಸಿ ತೆಗೆದೆ. ಅಮ್ಮ ಕಣ್ಣು ಕೂಡ ಮಿಟುಕಿಸಲಿಲ್ಲ.

ಗುಳ್ಳೆ ತಟ್ಟುವುದನ್ನು ಪ್ರತಿಮಾ ನನಗೆ ಕಲಿಸಿರಲಿಲ್ಲ. ಜಾಗ ಬದಲಿಸುವುದನ್ನೂ. ಅಷ್ಟು ದೂರ ಪಾಠ ಹೋಗಿರಲೇ ಇಲ್ಲ.

ಅವಳು ಸಿರಿಂಜು ನೋಡಿದಳು. ಅಮ್ಮನನ್ನು ನೋಡಿದಳು. ಆಮೇಲೆ ನನ್ನನ್ನು.

“ಯಾವಾಗ್ಲಿಂದ ಬರತ್ತೆ ಭಾವ?”

ಕೋಣೆಗೆ ಬಂದು ಈ ಪುಸ್ತಕ ತೆಗೆದಿದ್ದೇನೆ. ಬಾಗಿಲಲ್ಲಿ ನಿಂತಿದ್ದಾಳೆ. ಹೋಗುತ್ತಿಲ್ಲ.

ಮಾನ್ಯ ಅಧ್ಯಕ್ಷರೇ, ಸಭಿಕರೇ —

ಸಭಿಕರು ಯಾರೂ ಇಲ್ಲ. ಮೂರು ವರ್ಷದಿಂದ ಬರುತ್ತದೆ. ಅಮ್ಮ ಶಿವಮೊಗ್ಗದಲ್ಲಿ ಅಡ್ಮಿಟ್ ಆಗಿದ್ದಾಗ. ಪ್ರತಿಮಾ ಚಿಕನ್ ಪಾಕ್ಸ್ ಆಗಿ ಮನೆಯಲ್ಲಿದ್ದಳು. ವಾರ್ಡಿನ ಸಿಸ್ಟರ್ ನನಗೇ ಕಲಿಸಿದರು. ಎಂಟು ದಿನ, ಹದಿನಾರು ಸಲ ಹಾಕಿದೆ. ಮನೆಗೆ ಬಂದು, ನರ್ಸುಗಳು ಹಾಕಿದರು ಎಂದೆ.

ಕೈ ಒಂದು ಸಲವೂ ನಡುಗಿಲ್ಲ.